ನಿದ್ದೆಗೆಡಿಸುವ ಪುಡಿ ನಮ್ಮೂರಿಗೆ ಬಂದ ದಾರಿ

ಹೊನ್ನಾವರ, ಕುಮಟಾ ಕಡೆಯವರಿಗೆ ರಾತ್ರಿಯಿಡೀ ಎಚ್ಚರ ಕೂರುವುದು ಹೊಸದಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ಆಟ, ಬಾಯಲ್ಲಿ ಎಲೆ-ಅಡಿಕೆಯ ಕವಳ, ನಡುರಾತ್ರಿ ಗೂಡಂಗಡಿಯ ಚಾ. ಹೀಗೆ ಬೆಳಗು ಮಾಡಿದವರು ನಾವು. ಅಡಿಕೆಯೂ ಚಹಾವೂ ಉತ್ತೇಜಕಗಳೇ. ಕವಳವೇನೂ ನಿರಪಾಯವಲ್ಲ, ಅದರಿಂದ ಬಾಯಿಯ ಕ್ಯಾನ್ಸರ್ ಬಂದವರನ್ನು ಕಂಡಿದ್ದೇವೆ. ಆದರೂ ಬೆಳಿಗ್ಗೆ ಮನೆಗೆ ಬಂದು ಚಾಪೆಯ ಮೇಲೆ ಉರುಳಿದರೆ ಮಧ್ಯಾಹ್ನದವರೆಗೆ ಎಚ್ಚರವಿರುತ್ತಿರಲಿಲ್ಲ. ದೇಹ ತನ್ನ ಬಾಕಿಯನ್ನು ಅಂದಂದೇ ವಸೂಲು ಮಾಡಿಕೊಳ್ಳುತ್ತಿತ್ತು.

ಎಂಡಿ, ಎಂಡಿಎಂಎ, ಐಸ್ ಎಂದು ಈಗ ಕಿವಿಗೆ ಬೀಳುವ ಪುಡಿಗಳು ಆ ವಸೂಲಿಗೇ ಬಿಡುವುದಿಲ್ಲ. ಒಂದು ದಿನದ ಬಾಕಿ ಮೂರು ದಿನದ್ದಾಗುತ್ತದೆ, ತಿಂಗಳಿನದ್ದಾಗುತ್ತದೆ. ಕೊನೆಗೆ ದೇಹ ಕೇಳುವುದು ನಿದ್ದೆಯನ್ನಲ್ಲ, ಬುದ್ಧಿಯನ್ನು, ಹೃದಯವನ್ನು.

ಇವು ಹುಟ್ಟಿದ್ದು ಔಷಧದ ಪ್ರಯೋಗಶಾಲೆಗಳಲ್ಲಿ. ಚೀನಾದ ವೈದ್ಯರು ಉಬ್ಬಸಕ್ಕೆ ಕೊಡುತ್ತಿದ್ದ ‘ಮಾ ಹುವಾಂಗ್’ ಎಂಬ ಗಿಡದಿಂದ ಜಪಾನಿನ ನಾಗಾಯಿ ನಾಗಾಯೋಶಿ 1885ರಲ್ಲಿ ಎಫೆಡ್ರಿನ್ ಬೇರ್ಪಡಿಸಿದರು. ಎರಡು ವರ್ಷಗಳ ಬಳಿಕ ರೊಮೇನಿಯಾದ ಲಾಜರ್ ಎಡೆಲಿಯಾನು ಬರ್ಲಿನ್‌ನಲ್ಲಿ ಆಂಫೆಟಮೈನ್ ತಯಾರಿಸಿದರು. 1893ರಲ್ಲಿ ನಾಗಾಯಿ ಅವರೇ ಎಫೆಡ್ರಿನ್‌ನಿಂದ ಮೆಥಾಂಫೆಟಮೈನ್ ಮಾಡಿದರು. 1919ರಲ್ಲಿ ಅಕಿರಾ ಒಗಾಟಾ ಅದನ್ನು ಹರಳಾಗಿಸಿದರು. ಇಂದು ‘ಐಸ್’ ಎನ್ನುವುದು ಆ ಹರಳನ್ನೇ. ಎಂಡಿಎಂಎ ಮೂಲವೂ ಔಷಧ ಕಂಪನಿಯೇ: ರಕ್ತಸ್ರಾವ ತಡೆಯುವ ಮದ್ದು ಹುಡುಕುತ್ತಿದ್ದ ಜರ್ಮನಿಯ ಮರ್ಕ್, 1912ರಲ್ಲಿ ಅದಕ್ಕೆ ಪೇಟೆಂಟ್ ಕೇಳಿತ್ತು.

ಮದ್ದನ್ನು ಮಾರಿಯಾಗಿಸಿದ್ದು ಯುದ್ಧ. ಜರ್ಮನಿಯಲ್ಲಿ 1938ರಿಂದ ಮೆಥಾಂಫೆಟಮೈನ್ ‘ಪರ್ವಿಟಿನ್’ ಹೆಸರಿನ ಮಾತ್ರೆಯಾಗಿ ಅಂಗಡಿಗಳಲ್ಲಿ ಸಿಗುತ್ತಿತ್ತು. 1940ರಲ್ಲಿ ಫ್ರಾನ್ಸ್ ಮೇಲೆ ದಾಳಿ ಮಾಡಿದ ಹೊತ್ತಿನಲ್ಲಿ, ಕೆಲವೇ ತಿಂಗಳಲ್ಲಿ, ಇಂಥ ಸುಮಾರು ಮೂರೂವರೆ ಕೋಟಿ ಮಾತ್ರೆಗಳು ಜರ್ಮನ್ ಸೇನೆಯ ಕೈಸೇರಿದವು. ಸೈನಿಕ ನಿದ್ದೆ ಮಾಡಬಾರದು, ಅಷ್ಟೇ ಲೆಕ್ಕ. ಜಪಾನ್ ತನ್ನ ಸೈನಿಕರಿಗೂ ಕಾರ್ಖಾನೆಯ ಕೆಲಸಗಾರರಿಗೂ ‘ಹಿರೊಪಾನ್’ ನುಂಗಿಸಿತು. ಯುದ್ಧ ಮುಗಿಯಿತು, ಮಾತ್ರೆಯ ದಾಸ್ತಾನು ಉಳಿಯಿತು. ಅದು ಸೋತು ಸುಣ್ಣವಾದ ಊರುಗಳ ಬೀದಿಗೆ ಬಂತು. ಇಡೀ ಒಂದು ತಲೆಮಾರನ್ನು ಅದು ತಿನ್ನುತ್ತಿರುವುದನ್ನು ಕಂಡ ಜಪಾನ್, 1951ರಲ್ಲಿ ಉತ್ತೇಜಕ ನಿಯಂತ್ರಣ ಕಾಯ್ದೆಯನ್ನೇ ತರಬೇಕಾಯಿತು. ತಾನೇ ಕಲಿಸಿದ ಚಟವನ್ನು ಬಿಡಿಸಲು ತಾನೇ ಕಾನೂನು ಮಾಡಿದ ದೇಶವದು.

ನಮ್ಮತ್ತ ಬರೋಣ. 2016ರ ಏಪ್ರಿಲ್‌ನಲ್ಲಿ ಠಾಣೆ ಪೊಲೀಸರು ಸೊಲ್ಲಾಪುರದ ಔಷಧ ಕಾರ್ಖಾನೆಯೊಂದರಲ್ಲಿ 18 ಟನ್‌ಗೂ ಹೆಚ್ಚು ಎಫೆಡ್ರಿನ್ ಹಿಡಿದರು. ನಾಗಾಯಿ ಬೇರ್ಪಡಿಸಿದ ಅದೇ ಎಫೆಡ್ರಿನ್. ಮುಂಬಯಿಯಲ್ಲಿ ‘ಮ್ಯಾವ್ ಮ್ಯಾವ್’ ಹೆಸರಿನಲ್ಲಿ ಹಬ್ಬಿದ ಮೆಫೆಡ್ರೋನ್, ಅಂದರೆ ಎಂಡಿ, 2015ರವರೆಗೆ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲೇ ಇರಲಿಲ್ಲ. 2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು ಸಣ್ಣ ಪ್ರಕರಣವೊಂದರ ಜಾಡು ಹಿಡಿದು ಹೋದವರು, ಬೆಂಗಳೂರಿನಲ್ಲಿ ಇಬ್ಬರು ವಿದೇಶಿ ಮಹಿಳೆಯರ ಟ್ರಾಲಿ ಬ್ಯಾಗ್‌ಗಳಿಂದ 37 ಕಿಲೋಗೂ ಹೆಚ್ಚು ಎಂಡಿಎಂಎ ತೆಗೆದರು. ಬೆಲೆ ಸುಮಾರು 75 ಕೋಟಿ ರೂಪಾಯಿ. ಜಾಡು ಶುರುವಾದದ್ದು ಕರಾವಳಿಯಲ್ಲಿ ಎಂಬುದನ್ನು ನಾವು ಮರೆಯಬಾರದು.

ಭಟ್ಕಳ, ಹೊನ್ನಾವರ, ಕುಮಟಾ ಮೂರನ್ನೂ ಪೋಣಿಸಿರುವುದು ಹೆದ್ದಾರಿ 66. ಅದರಲ್ಲಿ ಒಂದು ದಿಕ್ಕಿಗೆ ಹೋದರೆ ಮಂಗಳೂರು, ಇನ್ನೊಂದಕ್ಕೆ ಗೋವಾ. ಬೆಂಗಳೂರು ಒಂದು ರಾತ್ರಿಯ ಬಸ್ಸಿನ ದೂರ, ಮುಂಬಯಿ ಕೊಂಕಣ ರೈಲಿನ ದೂರ. ಗೋಕರ್ಣದ ಓಂ, ಕುಡ್ಲೆ ತೀರಗಳಿಗೆ ವಿದೇಶಿಯರು ಬರತೊಡಗಿದಂದಿನಿಂದ ಗಾಂಜಾ, ಚರಸ್ ಮಾತು ನಮಗೆ ಗೊತ್ತಿದ್ದದ್ದೇ. ಆ ಪರಿಚಯವೇ ಇಲ್ಲಿ ನಮಗೆ ಮೋಸ ಮಾಡುತ್ತಿದೆ. ಗಾಂಜಾಕ್ಕೆ ವಾಸನೆಯಿದೆ, ಸಾರಾಯಿಗೆ ತೂರಾಟವಿದೆ. ಈ ಪುಡಿಗೆ ಎರಡೂ ಇಲ್ಲ. ಹುಡುಗ ಚುರುಕಾಗಿದ್ದಾನೆ, ರಾತ್ರಿಯೆಲ್ಲ ಓದುತ್ತಿದ್ದಾನೆ ಎಂದು ಅಪ್ಪ ಹೆಮ್ಮೆಪಡಬಹುದು. ನೋಡಬೇಕಾದದ್ದು ಬೇರೆ: ಎರಡು-ಮೂರು ರಾತ್ರಿ ನಿದ್ದೆಯಿಲ್ಲದೆ ಆಮೇಲೆ ಇಡೀ ದಿನ ಏಳದ ನಿದ್ದೆ, ತಟ್ಟೆಯಲ್ಲಿ ಉಳಿಯುವ ಅನ್ನ, ಸಡಿಲವಾಗುವ ಅಂಗಿ, ಹಿಗ್ಗಿದ ಕಣ್ಣುಪಾಪೆ, ತನಗೇ ಗೊತ್ತಿಲ್ಲದೆ ಕಟಕಟ ಕಡಿಯುವ ಹಲ್ಲು. ಕೊನೆಗೆ ಶಂಕೆ. ಕಿಟಕಿಯಾಚೆ ಯಾರೋ ನಿಂತಿದ್ದಾರೆ, ಅಮ್ಮ ಅನ್ನಕ್ಕೆ ಏನೋ ಬೆರೆಸಿದ್ದಾಳೆ ಎನ್ನುವ ಶಂಕೆ.

ನಮ್ಮ ಸೆಕೆ ಈ ಬೆಂಕಿಗೆ ತುಪ್ಪ ಸುರಿಯುತ್ತದೆ. ಎಂಡಿಎಂಎ, ಮೆಥಾಂಫೆಟಮೈನ್ ಮೈಯ ತಾಪವನ್ನು ಏರಿಸುತ್ತವೆ, ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತವೆ. ಮೇ ತಿಂಗಳ ಕರಾವಳಿಯಲ್ಲಿ ಬೆವರು ಆರುವುದೇ ಇಲ್ಲ. ಒಳಗೆ ಹೊತ್ತಿದ ಬೆಂಕಿಗೆ ಹೊರಗೆ ದಾರಿಯಿಲ್ಲ. ಅಫೀಮು ಜಾತಿಯ ಮಾದಕ ಅತಿಯಾದರೆ ನಲೋಕ್ಸೋನ್ ಎಂಬ ಮದ್ದಿದೆ, ಇದಕ್ಕೆ ಅಂಥ ಪ್ರತಿಮದ್ದು ಇಲ್ಲ. ಮೈ ತಣ್ಣಗೆ ಮಾಡಿ, ಶಾಮಕ ಕೊಟ್ಟು, ತುರ್ತು ನಿಗಾದಲ್ಲಿಟ್ಟು ಕಾಯಬೇಕು. ಆ ನಿಗಾ ಎಲ್ಲಿದೆ? ಉತ್ತರ ಕನ್ನಡದವರು ದೊಡ್ಡ ಆಸ್ಪತ್ರೆಗಾಗಿ ಇನ್ನೂ ಹೋರಾಡುತ್ತಿದ್ದಾರೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಮಗುಚಿ ನಾಲ್ವರು ಸತ್ತರು. ಅದೇ ರಸ್ತೆಯಲ್ಲಿ ಹೊತ್ತಿ ಉರಿಯುವ ಮೈಯೊಂದನ್ನು ಸಾಗಿಸುವುದನ್ನು ನೆನೆದರೇ ಎದೆ ಝಲ್ಲೆನ್ನುತ್ತದೆ.

ಮಕ್ಕಳನ್ನು ಕೊಲ್ಲಿಗೆ ಕಳಿಸುವ ಭಟ್ಕಳದ ಮನೆಗಳಿಗೆ ಇನ್ನೊಂದು ಮಾತು. ಕೊಲ್ಲಿ ದೇಶಗಳಲ್ಲಿ ಹಬ್ಬಿರುವ ‘ಕ್ಯಾಪ್ಟಗಾನ್’ ಮಾತ್ರೆಯೂ ಆಂಫೆಟಮೈನ್ ಸಂತತಿಯದೇ. 1961ರಲ್ಲಿ ಜರ್ಮನಿಯಲ್ಲಿ ಔಷಧವಾಗಿ ಹುಟ್ಟಿದ್ದು, ನಿಷೇಧದ ನಂತರ ಅದೇ ಹೆಸರಿನ ನಕಲಿ ಸಿರಿಯಾದಲ್ಲಿ ಲೆಕ್ಕವಿಲ್ಲದಷ್ಟು ತಯಾರಾಯಿತು. ಸೌದಿಯಲ್ಲಿ ಮಾದಕ ಸಾಗಣೆಗೆ ಮರಣದಂಡನೆಯಿದೆ. ದುಬೈಗೋ ಜೆದ್ದಾಕ್ಕೋ ಹೊರಟ ಮಗನ ಕೈಗೆ ಯಾರಾದರೂ ಕಟ್ಟಿದ ಪೊಟ್ಟಣ ಕೊಟ್ಟರೆ, ನೆಂಟರೇ ಆಗಿರಲಿ, ಬಿಚ್ಚಿ ನೋಡದೆ ಒಯ್ಯಬೇಡ ಎನ್ನಿ.

ನಮ್ಮ ಕಾನೂನೂ ಮೆದುವಲ್ಲ. 10 ಗ್ರಾಂ ಎಂಡಿಎಂಎ, ಅಂದರೆ ಎರಡು ಚಹಾ ಚಮಚ ಸಕ್ಕರೆಯ ತೂಕ, ವಾಣಿಜ್ಯ ಪ್ರಮಾಣ ಎನಿಸುತ್ತದೆ. ಅದಕ್ಕಿಂತ ಹೆಚ್ಚಿಟ್ಟುಕೊಂಡರೆ ಕನಿಷ್ಠ ಹತ್ತು ವರ್ಷ ಜೈಲು. ಆದರೆ ಅದೇ ಮಾದಕವಸ್ತು ಕಾಯ್ದೆಯ 64ಎ ಕಲಮನ್ನು ಎಷ್ಟು ಮನೆಯವರು ಬಲ್ಲರು? ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯ ಆಸ್ಪತ್ರೆಯಲ್ಲಿ ಪೂರ್ಣ ಚಿಕಿತ್ಸೆ ಪಡೆದರೆ, ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ.

ಊರವರು ಏನೆಂದುಕೊಂಡಾರೋ ಎಂದು ಮಗನನ್ನು ಕೋಣೆಯಲ್ಲಿ ಕೂಡಿಹಾಕಿಕೊಂಡಿರುವ ಅಪ್ಪ-ಅಮ್ಮಂದಿರಲ್ಲಿ ಕೈಮುಗಿದು ಕೇಳುತ್ತೇನೆ, ಬಾಗಿಲು ತೆರೆಯಿರಿ. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಸಂಕಟಕ್ಕೆ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ-ಮಾನಸ್ 14416. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.