ಒಂದು ರಾಗಿ ಕಾಳಿನಷ್ಟು ನೂಕು

ದೊಡ್ಡಬಳ್ಳಾಪುರದ ಓದುಗರೊಬ್ಬರ ಪ್ರಶ್ನೆ: "ಬಾಹ್ಯಾಕಾಶದಲ್ಲಿ ಸುತ್ತುತ್ತಿರುವ ಕಸವನ್ನು ನೆಲದಿಂದಲೇ ಲೇಸರ್ ಬಿಟ್ಟು ಸುಟ್ಟುಹಾಕಬಹುದಂತೆ. ಹಾಗಿದ್ದರೆ ನಮ್ಮ ಇಸ್ರೋದವರು ಯಾಕೆ ಸುಮ್ಮನಿದ್ದಾರೆ?"

ಸುಟ್ಟುಹಾಕುವುದೆಲ್ಲ ಸಿನಿಮಾದಲ್ಲಿ, ಸ್ವಾಮಿ. ಮೇಲಿರುವುದನ್ನು ಒಡೆದರೆ ಕಸ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. 2007ರಲ್ಲಿ ಚೀನಾ ತನ್ನದೇ ಹಳೆಯ ಹವಾಮಾನ ಉಪಗ್ರಹವೊಂದನ್ನು ಕ್ಷಿಪಣಿಯಿಂದ ಹೊಡೆದು ಮೂರು ಸಾವಿರಕ್ಕೂ ಹೆಚ್ಚು ಚೂರು ಮಾಡಿತು. ನಾವೇನೂ ಸಾಚಾಗಳಲ್ಲ, 2001ರಲ್ಲಿ ನಮ್ಮ ಪಿಎಸ್‌ಎಲ್‌ವಿ-ಸಿ3 ರಾಕೆಟ್‌ನ ಕೊನೆಯ ಹಂತ ಕಕ್ಷೆಯಲ್ಲಿ ತಾನಾಗಿಯೇ ಸಿಡಿದು ಮುನ್ನೂರೆಪ್ಪತ್ತರಷ್ಟು ಚೂರಾಯಿತು. ಈಗ ಹತ್ತು ಸೆಂಟಿಮೀಟರಿಗಿಂತ ದೊಡ್ಡ ವಸ್ತುಗಳೇ ಮೂವತ್ತು ಸಾವಿರ ದಾಟಿವೆ. 2023ರ ಜುಲೈ 14ರಂದು ಚಂದ್ರಯಾನ-3 ನಾಲ್ಕು ಸೆಕೆಂಡ್ ತಡವಾಗಿ ಹೊರಟಿದ್ದು ಇಂಥದ್ದೊಂದರ ಡಿಕ್ಕಿ ತಪ್ಪಿಸಲಿಕ್ಕೆ. ಮುಹೂರ್ತ ನೋಡಿ ನಾಲ್ಕು ಸೆಕೆಂಡ್ ಮುಂದೂಡಿದರು ಎಂದು ವಾಟ್ಸಾಪ್‌ನಲ್ಲಿ ಯಾರಾದರೂ ಕಳಿಸಿದರೆ ನಂಬಬೇಡಿ. ಸಂಜೆ ಸಾಲಾಗಿ ಹೋಗುವ ಸ್ಟಾರ್‌ಲಿಂಕ್ ಉಪಗ್ರಹಗಳ ದೀಪಗಳನ್ನು ಕಂಡು ಊರಿಗೆ ಕೇಡು ಎಂದು ಹರಕೆ ಹೊರುವವರಿಗೂ ಇದೇ ಮಾತು. ಆ ಸಾಲಿನಿಂದ ಕೇಡೇನಾದರೂ ಇದ್ದರೆ ಅದು ಕಕ್ಷೆಯ ನೂಕುನುಗ್ಗಲಿಗೆ, ಊರಿಗಲ್ಲ.

ಇನ್ನು ಲೇಸರ್ ವಿಚಾರ. ಕಸದ ಮೇಲ್ಮೈಯನ್ನು ಚೂರೇ ಚೂರು ಆವಿಯಾಗಿಸಿ ಅದರ ರಭಸದಿಂದ ಕೆಳಗಿಳಿಸುವ ಯೋಜನೆಯೊಂದು 1990ರ ದಶಕದಲ್ಲೇ ಅಮೆರಿಕದಲ್ಲಿ ಹುಟ್ಟಿತ್ತು. ಅದಕ್ಕೆ ಭಾರೀ ಲೇಸರ್ ಬೇಕು, ಅದನ್ನು ಕಂಡರೆ ಅಕ್ಕಪಕ್ಕದ ದೇಶಗಳಿಗೆ ಆಯುಧದ ಅನುಮಾನ. ನನಗೆ ಖುಷಿ ಕೊಟ್ಟದ್ದು 2011ರಲ್ಲಿ ನಾಸಾದ ಏಮ್ಸ್ ಕೇಂದ್ರದ ಜೇಮ್ಸ್ ಮೇಸನ್ ಮತ್ತು ಸಂಗಡಿಗರು ಹಾಕಿದ ಲೆಕ್ಕ. ಅವರು ಕೇಳಿದ್ದು ಐದು ಕಿಲೋವ್ಯಾಟ್‌ನ ಲೇಸರ್, ಒಂದೂವರೆ ಮೀಟರ್ ಕನ್ನಡಿಯ ದೂರದರ್ಶಕ, ಅಷ್ಟೇ. ಸುಡುವುದು ಬೇಡ, ಕರಗಿಸುವುದೂ ಬೇಡ. ಬರೀ ಬೆಳಕು ಬಿದ್ದರೆ ಸಾಕು.

ಬೆಳಕಿಗೆ ತೂಕವಿಲ್ಲ, ಆದರೆ ನೂಕುವ ಗುಣವಿದೆ. ಎಷ್ಟು? ಐದು ಸಾವಿರ ವ್ಯಾಟನ್ನು ಬೆಳಕಿನ ವೇಗವಾದ ಸೆಕೆಂಡಿಗೆ ಮೂವತ್ತು ಕೋಟಿ ಮೀಟರಿನಿಂದ ಭಾಗಿಸಿ. ಬರುವ ಬಲ ನೆಲದ ಮೇಲೆ 1.7 ಮಿಲಿಗ್ರಾಂ ತೂಕಕ್ಕೆ ಸಮ. ನಮ್ಮ ಕಡೆಯ ಒಂದು ರಾಗಿ ಕಾಳು ಸುಮಾರು ಎರಡೂವರೆ ಮಿಲಿಗ್ರಾಂ ತೂಗುತ್ತದೆ! ಕಸ ಕನ್ನಡಿಯಂತೆ ಬೆಳಕನ್ನು ಹಿಂದಕ್ಕೆ ಎರಚಿದರೆ ನೂಕು ದುಪ್ಪಟ್ಟಾಗಬಹುದು. ಅಷ್ಟು ದೂರದಲ್ಲಿ ಕಿರಣ ಹರಡಿಕೊಂಡು ಅರ್ಧಕ್ಕರ್ಧ ಪಕ್ಕದಲ್ಲೇ ಹಾದುಹೋದರೆ ಅದೂ ಇಲ್ಲ. ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುವ ಚೂರನ್ನು ಒಂದು ರಾಗಿ ಕಾಳಿನ ಭಾರದಲ್ಲಿ ತಡೆಯುವುದೆಂದರೆ ನಗು ಬರುವುದು ಸಹಜ. ಚೂರು ಹಗುರವಾಗಿ ಅಗಲವಾಗಿದ್ದರೆ, ತಲೆಯ ಮೇಲೆ ಬಂದಾಗಲೆಲ್ಲ ಕೆಲವು ನಿಮಿಷ ಬೆಳಕು ಬಿಟ್ಟರೆ, ಒಂದೆರಡು ದಿನದಲ್ಲಿ ಅದರ ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟು ಬದಲಾದೀತು. ಒಂದು ಮಿಲಿಮೀಟರ್!

ಸ್ವಾರಸ್ಯ ಶುರುವಾಗುವುದೇ ಇಲ್ಲಿ. ಚೂರು ದಿಗಂತದಿಂದ ಎದುರು ಬರುವಾಗ ಮಾತ್ರ ಬೆಳಕು ಬಿಡುತ್ತಾರೆ, ನೆತ್ತಿ ದಾಟಿದೊಡನೆ ನಿಲ್ಲಿಸುತ್ತಾರೆ. ದಾಟಿದ ಮೇಲೂ ಬಿಟ್ಟರೆ ತಡೆದು ಗಳಿಸಿದ್ದನ್ನು ಹಿಂದಿನಿಂದ ನೂಕಿ ಕಳೆದುಕೊಂಡ ಹಾಗೆ. ಎದುರಿನಿಂದ ತಡೆದ ಚೂರು ತಡವಾಗಿ ಬರಬೇಕಲ್ಲವೇ? ಬರುವುದು ಬೇಗ! ತಡೆದೊಡನೆ ಅದರ ಕಕ್ಷೆ ಸರಾಸರಿ ಎರಡು ಮೀಟರ್ ಕೆಳಗಿಳಿಯುತ್ತದೆ. ಕೆಳಗಿನ ಕಕ್ಷೆಯ ಸುತ್ತು ಚಿಕ್ಕದು, ಅಲ್ಲಿಯ ಓಟ ಚುರುಕು. ಹೀಗಾಗಿ ಪ್ರತಿ ಸುತ್ತಿಗೆ ಸುಮಾರು 18 ಮೀಟರ್ ಮುಂದಾಗುತ್ತದೆ. ಎಂಟುನೂರು ಕಿಲೋಮೀಟರ್ ಎತ್ತರದಲ್ಲಿ ದಿನಕ್ಕೆ ಹದಿನಾಲ್ಕು ಸುತ್ತು. ಅಲ್ಲಿಗೆ ಒಂದೇ ದಿನದಲ್ಲಿ ಕಾಲು ಕಿಲೋಮೀಟರ್ ಆಚೆ! ಡಿಕ್ಕಿ ತಪ್ಪಿಸಲು ಅಷ್ಟು ಬೇಕಾದಷ್ಟಾಯಿತು. ಈ ಲೆಕ್ಕವನ್ನು ಪಿಯುಸಿ ಹುಡುಗರು ಕಾಗದದ ಮೇಲೆ ಮಾಡಿನೋಡಬಹುದು, ಮಾಡಲೇಬೇಕು.

ಇಸ್ರೋದವರು ಸುಮ್ಮನೆಯೂ ಕೂತಿಲ್ಲ. ನೆಲಮಂಗಲದಿಂದ ತುಮಕೂರು ರಸ್ತೆಯಲ್ಲಿ ಬೆಂಗಳೂರಿಗೆ ಬರುವಾಗ ಸಿಗುವ ಪೀಣ್ಯದಲ್ಲಿ ಅವರ ಕಣ್ಗಾವಲು ಕೇಂದ್ರವಿದೆ. ಡಿಕ್ಕಿಯ ಸೂಚನೆ ಸಿಕ್ಕರೆ ನಮ್ಮ ಉಪಗ್ರಹವನ್ನೇ ಪಕ್ಕಕ್ಕೆ ಸರಿಸುತ್ತಾರೆ. ಉಪಗ್ರಹದಲ್ಲಿ ಇಂಧನ ಇರುವವರೆಗೆ ಈ ಉಪಾಯ ನಡೆಯುತ್ತದೆ. ಸತ್ತ ಎರಡು ವಸ್ತುಗಳು ಒಂದಕ್ಕೊಂದು ಎದುರಾದಾಗ ಸರಿಯುವವರು ಯಾರು? ಲೇಸರ್ ಬೇಕಾಗುವುದು ಆಗ.

ಹಾಗಾದರೆ ನಮ್ಮ ಜಿಲ್ಲೆಯಲ್ಲೇ ಒಂದು ಹಾಕಿಬಿಡೋಣ ಎನ್ನುವಿರಾದರೆ, ಹೊಸಕೋಟೆಯ ಹೆಸರು ನೆನಪಾಗುವುದು ಸಹಜ. ಅಲ್ಲಿ ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಆವರಣವಿದೆ. ಲಡಾಖ್‌ನ ಹಾನ್ಲೆಯಲ್ಲಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಇಲ್ಲಿ ಕೂತೇ. ನಮ್ಮ ಖಗೋಳ ವೀಕ್ಷಣಾ ಉಪಗ್ರಹ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕ ಜೋಡಣೆಯಾದದ್ದೂ ಇದೇ ಆವರಣದಲ್ಲಿ. ಅದು 2015ರಲ್ಲಿ ಏರಿದ 650 ಕಿಲೋಮೀಟರಿನ ಎತ್ತರ ಕಸದ ಕಾಟವಿರುವ ಜಾಗವೇ. ಆದರೆ ಹೊಸಕೋಟೆಯಲ್ಲಿ ಲೇಸರ್ ಸಾಧ್ಯವಿಲ್ಲ. ಮಳೆಗಾಲದ ಮೋಡ, ನಗರದ ಧೂಳು ಒಂದು ಕಡೆ. ಪಕ್ಕದ ದೇವನಹಳ್ಳಿ ತಾಲ್ಲೂಕಿನಲ್ಲೇ ವಿಮಾನ ನಿಲ್ದಾಣ ಇನ್ನೊಂದು ಕಡೆ. ಮದುವೆ ಮೆರವಣಿಗೆಯ ಲೇಸರ್ ದೀಪಕ್ಕೇ ಪೈಲಟ್‌ಗಳ ಕಣ್ಣು ಕೋರೈಸುತ್ತದೆ, ಇನ್ನು ಐದು ಕಿಲೋವ್ಯಾಟ್! ಹಾನ್ಲೆಯ ತಿಳಿಗಾಳಿ ಒಪ್ಪೀತು, ಆದರೆ ನಿಧಾನವಾಗಿ ಸರಿಯುವ ನಕ್ಷತ್ರಗಳಿಗೆಂದು ಕಟ್ಟಿದ ದೂರದರ್ಶಕಕ್ಕೆ ಕಾಲು ಗಂಟೆಯೊಳಗೆ ಆಕಾಶ ದಾಟುವ ಚೂರಿನ ಬೆನ್ನು ಹತ್ತುವುದು ಕಷ್ಟ. ಅದಕ್ಕೆ ಬೇರೆಯೇ ಯಂತ್ರ ಬೇಕು.

ಇನ್ನೊಂದು ಮಿತಿಯನ್ನೂ ಹೇಳಬೇಕು. ಟನ್‌ಗಟ್ಟಲೆ ತೂಗುವ ಹಳೆಯ ರಾಕೆಟ್ ಕೊಳವೆಗೆ ರಾಗಿ ಕಾಳಿನ ನೂಕು ತಾಗುವುದೇ ಇಲ್ಲ. ಭಾರದ್ದೂ ಹಗುರದ್ದೂ ಎದುರಾದರೆ ಹಗುರವಾದದ್ದನ್ನು ತಳ್ಳಬಹುದು; ಎರಡೂ ಭಾರದವಾದರೆ ಕೈಚೆಲ್ಲಬೇಕು. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ ಡಿಕ್ಕಿಯಾದ ಇರಿಡಿಯಂ-33 ಮತ್ತು ಕಾಸ್ಮಾಸ್-2251 ಅಂಥ ಜೋಡಿ. ಕಾಸ್ಮಾಸ್ ಸತ್ತದ್ದು, ಇರಿಡಿಯಂ ಕೆಲಸ ಮಾಡುತ್ತಿದ್ದದ್ದು; ಅದು ತಾನೇ ಸರಿಯಬಹುದಿತ್ತು. ಅಂದಿನ ಒಂದು ಲೆಕ್ಕಾಚಾರ ಅವೆರಡರ ನಡುವೆ 584 ಮೀಟರ್ ಅಂತರ ಉಳಿಯುತ್ತದೆ ಎಂದಿತ್ತು. ಲೆಕ್ಕ ಹೀಗೆ ತಪ್ಪದಂತೆ ರೇಡಾರಿಗಿಂತ ಕರಾರುವಾಕ್ಕಾಗಿ ದೂರ ಅಳೆಯುವುದು ಲೇಸರಿನ ಇನ್ನೊಂದು ಕೆಲಸ. ಕನ್ನಡಿ ಕೂರಿಸದ ಸತ್ತ ಕಸಕ್ಕೂ ಲೇಸರ್ ಬಡಿದು ಮರಳಿ ಬಂದ ಬೆಳಕಿನಿಂದ ದೂರ ಅಳೆಯುವುದನ್ನು ಆಸ್ಟ್ರಿಯಾದ ಗ್ರಾಜ್ ಕೇಂದ್ರದವರು 2012ರಲ್ಲಿ ಮಾಡಿ ತೋರಿಸಿದರು, ಇರಿಡಿಯಂ ಚೂರಾಗಿ ಮೂರು ವರ್ಷಕ್ಕೆ.