ಕಾಣದ ಫ್ಲೋರೈಡಿಗೆ ಕಾಣುವ ಬೆಳಕು

ಪಾವಗಡ ಸೀಮೆಯ ಕ್ಯಾತಗಾನಚೆರ್ಲು ಎಂಬ ಊರಿನ ಹೆಸರಿನಲ್ಲಿ ತೆಲುಗಿನ ‘ಚೆರುವು’, ಅಂದರೆ ಕೆರೆ, ಇನ್ನೂ ಕೇಳಿಸುತ್ತದೆ. ಆದರೆ ಬರ ತಪ್ಪದ ಈ ಸೀಮೆ ಕೊಳವೆಬಾವಿಗಳಿಗೆ ಶರಣಾಗಿ ದಶಕಗಳೇ ಕಳೆದಿವೆ. ಬಾವಿ ಆಳಕ್ಕೆ ಇಳಿದಷ್ಟೂ ನೀರು ಗ್ರಾನೈಟ್ ಮತ್ತು ನೈಸ್ ಶಿಲೆಗಳ ನಡುವೆ ಹೆಚ್ಚು ಕಾಲ ನಿಂತಿರುತ್ತದೆ. ಶಿಲೆಯ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಪಾವಗಡ ತಾಲ್ಲೂಕು ರಾಜ್ಯದ ಫ್ಲೋರೈಡ್ ಪೀಡಿತ ಪ್ರದೇಶಗಳಲ್ಲಿ ಒಂದೆಂಬುದು ಹೊಸ ಸುದ್ದಿಯೇನಲ್ಲ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರನ್ನು ಕುದಿಸಿದರೂ ಹೋಗುವುದಿಲ್ಲ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಮಿತಿ. ಬೇರೆ ಜಲಮೂಲವಿಲ್ಲದ ಕಡೆ 1.5. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳು ಕಲೆಗಟ್ಟುತ್ತವೆ. ಮಿತಿ ಬಹಳವಾಗಿ ಮೀರಿದರೆ ಮುಂದೆ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ 1937ರಲ್ಲೇ ಈ ರೋಗವನ್ನು ಗುರುತಿಸಲಾಗಿತ್ತು. ಹಲ್ಲಿನ ಮೇಲೆ ಕಲೆ ಕಂಡ ಬಳಿಕ ನೀರನ್ನು ಪರೀಕ್ಷಿಸುವುದೆಂದರೆ ಬೆಳೆ ಒಣಗಿದ ಮೇಲೆ ಮಳೆಮಾಪಕ ನೋಡಿದಂತೆ.

ಫ್ಲೋರೈಡನ್ನು ಅಳೆಯುವ ವಿದ್ಯೆಯು ಲ್ಯಾಂಥನೈಡ್‌ಗಳೆಂಬ ವಿರಳ ಧಾತುಗಳಿಗೆ ಬಹುಕಾಲದಿಂದ ಋಣಿಯಾಗಿದೆ. ಅಮೆರಿಕದ ಫ್ರಾಂಟ್ ಮತ್ತು ರಾಸ್ 1966ರಲ್ಲಿ ಪ್ರಕಟಿಸಿದ, ಪ್ರಯೋಗಾಲಯಗಳು ಇಂದಿಗೂ ನೆಚ್ಚಿರುವ ಎಲೆಕ್ಟ್ರೋಡಿನ ತುದಿಯಲ್ಲಿರುವುದು ತುಸು ಯುರೋಪಿಯಂ ಬೆರೆಸಿದ ಲ್ಯಾಂಥನಂ ಫ್ಲೋರೈಡಿನ ಹರಳು. ಇದೇ ಬಳಗದ ಯುರೋಪಿಯಂ, ಟರ್ಬಿಯಂಗಳಿಗೆ ಬೆಳಗುವ ಗುಣವೂ ಇದೆ. ಹಳೆಯ ಬಣ್ಣದ ಟಿ.ವಿ. ಪರದೆಯ ಕೆಂಪು ಯುರೋಪಿಯಂನ ಕೊಡುಗೆ. ಇವು ತಾವಾಗಿ ಬೆಳಕನ್ನು ಹೀರಿಕೊಳ್ಳುವುದು ಅತ್ಯಲ್ಪ. ಪಕ್ಕದಲ್ಲೊಂದು ಸಾವಯವ ಅಣು ಆಂಟೆನಾದಂತೆ ನಿಂತು ಅತಿನೇರಳೆ ಕಿರಣದ ಶಕ್ತಿಯನ್ನು ಹಿಡಿದು ಕೊಟ್ಟರೆ ಚೆನ್ನಾಗಿ ಬೆಳಗುತ್ತವೆ. ಆ ಬೆಳಕು ಮಿಲಿಸೆಕೆಂಡಿನಷ್ಟು ಕಾಲ ಉಳಿಯುತ್ತದೆ. ರಕ್ತ, ಜೀವಕೋಶಗಳ ಸ್ವಂತ ಮಿನುಗಾದರೋ ನ್ಯಾನೋಸೆಕೆಂಡುಗಳಲ್ಲಿ ಆರಿಹೋಗುತ್ತದೆ. ಉಪಕರಣವು ತುಸು ತಡೆದು ನೋಡಿದರೆ ಬೇಕಾದ ಸಂಕೇತ ಮಾತ್ರ ಉಳಿದಿರುತ್ತದೆ. ನವಜಾತ ಶಿಶುವಿನ ಹಿಮ್ಮಡಿಯ ರಕ್ತದ ಹನಿಯಿಂದ ಥೈರಾಯ್ಡ್ ಕೊರತೆಯನ್ನು ಪತ್ತೆಹಚ್ಚುವ ಒಂದು ಪ್ರಸಿದ್ಧ ವಿಧಾನ ನಿಂತಿರುವುದು ಈ ತಡೆದು ನೋಡುವ ಉಪಾಯದ ಮೇಲೆ.

ಇಂತಹ ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಉದಯ್ ಮೈತ್ರ ಅವರ ತಂಡವು ಪಿತ್ತರಸದ ಆಮ್ಲದಿಂದ ಪಡೆದ ಲವಣ ಮತ್ತು ಟರ್ಬಿಯಂ ಸೇರಿಸಿ ಒಂದು ಜೆಲ್ ತಯಾರಿಸಿತು. 2012ರಲ್ಲಿ ಅದರಿಂದ ಕಿಣ್ವಗಳನ್ನು ಪತ್ತೆಮಾಡಿದ ತಂಡ, ಜೆಲ್ ಸವರಿದ ಪುಟ್ಟ ಕಾಗದದ ಬಿಲ್ಲೆಯ ಮೇಲೆ ಹೈಡ್ರೋಜನ್ ಪೆರಾಕ್ಸೈಡನ್ನು ಬರಿಗಣ್ಣಿಗೆ ತೋರಿಸುವ ವಿಧಾನವನ್ನು 2022ರಲ್ಲಿ ಪ್ರಕಟಿಸಿತು. ಆಂಟೆನಾ ಅಣುವಿಗೆ ಮೊದಲೇ ಬೀಗ ಹಾಕಿರುತ್ತಾರೆ. ಪೆರಾಕ್ಸೈಡ್ ಆ ಬೀಗವನ್ನು ತೆಗೆಯುತ್ತದೆ. ಅತಿನೇರಳೆ ದೀಪದಡಿ ಬಿಲ್ಲೆ ಹಸಿರಾಗಿ ಬೆಳಗುತ್ತದೆ. ಉಪಾಯದ ಸರಳತೆಗಿಂತ ನನಗೆ ಮುಖ್ಯವೆನಿಸಿದ್ದು ಕಾಗದದ ಬಿಲ್ಲೆ. ಕಾಗದ ಹಳ್ಳಿಗೆ ಹೋಗಬಲ್ಲದು, ಎಲೆಕ್ಟ್ರೋಡ್ ಹೋಗಲಾರದು.

ಫ್ಲೋರೈಡಿಗೂ ಇಂತಹ ದಾರಿಯಿದೆ. ಯುರೋಪಿಯಂಗೆ ಅಂಟಿದ ನೀರಿನ ಅಣು ತನ್ನ ಕಂಪನದಿಂದ ಅದರ ಬೆಳಕನ್ನು ಕುಂದಿಸುತ್ತದೆ. ಫ್ಲೋರೈಡ್ ಆ ನೀರನ್ನು ತಳ್ಳಿ ತಾನೇ ಕುಳಿತರೆ ಬೆಳಕು ಹೆಚ್ಚುತ್ತದೆ. ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ನೀರಿನಲ್ಲಿಯೇ ಫ್ಲೋರೈಡಿನ ಪ್ರಮಾಣವನ್ನು ಹೀಗೆ ಅಳೆದು ತೋರಿಸಿದರು.

ಜಲ ಜೀವನ್ ಮಿಷನ್ ಅಡಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ನೀಡಬೇಕೆಂಬ ನಿಯಮವಿದೆ. ಅವರ ಕೈಗೆ ಸಿಗುವ ಕಿಟ್‌ನಲ್ಲಿ ನೀರಿನ ಬಣ್ಣವನ್ನು ಬಣ್ಣದ ಪಟ್ಟಿಯೊಡನೆ ಹೋಲಿಸಬೇಕು. 1.5ರ ಆಸುಪಾಸಿನಲ್ಲಿ ಎರಡು ಛಾಯೆಗಳ ನಡುವೆ ತೀರ್ಮಾನಿಸುವುದು ಸುಲಭವಲ್ಲ. ಶುದ್ಧೀಕರಣ ಘಟಕ ಬೇಕೇ ಬೇಡವೇ ಎಂಬ ಪ್ರಶ್ನೆ ಏಳುವುದೂ ಅಲ್ಲಿಯೇ. ಕಡತಗಳ ನಡುವೆ ವೃತ್ತಿಜೀವನ ಕಳೆದ ನನಗೆ ತಿಳಿದಂತೆ, ಅನುಮಾನದ ಅಂಕಿಯ ಮೇಲೆ ಯಾವ ಅಧಿಕಾರಿಯೂ ಹಣ ಮಂಜೂರು ಮಾಡುವುದಿಲ್ಲ. ನೀರಿನ ಗುಣದ ಬಗೆಗಿನ ಮಾಹಿತಿ ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಸಾರ್ವಜನಿಕ ಸರಕು. ಅದನ್ನು ಒದಗಿಸಲು ಮಾರುಕಟ್ಟೆ ತಾನಾಗಿ ಮುಂದೆ ಬರುವುದಿಲ್ಲ. ತುಂಗಭದ್ರೆಯ ಹಿನ್ನೀರು ಪಾವಗಡಕ್ಕೆ ಬಂದರೂ ಕೊಳವೆಬಾವಿಗಳೇನೂ ಮುಚ್ಚಿಹೋಗುವುದಿಲ್ಲ.

ತೊಡಕುಗಳು ಇಲ್ಲದಿಲ್ಲ. 2025ರ ಏಪ್ರಿಲ್‌ನಲ್ಲಿ ಚೀನಾ ಟರ್ಬಿಯಂ ಸೇರಿ ಏಳು ಧಾತುಗಳ ರಫ್ತಿಗೆ ನಿಯಂತ್ರಣ ಹಾಕಿತು. ಆದರೂ ಬಿಲ್ಲೆಗೆ ಬೇಕಾಗುವುದು ಅತ್ಯಲ್ಪವಾದ್ದರಿಂದ ನಾನು ಅದಕ್ಕೆ ಅಷ್ಟು ಅಂಜುವುದಿಲ್ಲ. ನಿಜವಾದ ಪ್ರಶ್ನೆ ನಮ್ಮ ಗಡಸು ನೀರಿನದು. ಅದರಲ್ಲಿನ ಬೈಕಾರ್ಬೊನೇಟ್ ಕೂಡ ಯುರೋಪಿಯಂಗೆ ಅಂಟಿ ಫಲಿತಾಂಶವನ್ನು ಕೆಡಿಸಬಹುದು. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಗೆದ್ದದ್ದು ಇಲ್ಲಿ ಸೋಲಲೂಬಹುದು. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಈ ಸಮಸ್ಯೆಯನ್ನೇ ವಿಷಯವಾಗಿಟ್ಟು ಸಂಶೋಧಕರಿಗೆ ಅನುದಾನ ಕೊಡಲಿ. ಮೊದಲ ಮಾದರಿಗಳನ್ನು ಪಾವಗಡದ ಕೊಳವೆಬಾವಿಗಳಿಂದಲೇ ತುಂಬಿಸಿಕೊಂಡು ಹೋಗಲಿ.