63 ವರ್ಷ ಕಾದ ರಾಜಕುಮಾರಿ

ತಲೆಗೆ ಟಾಪ್ ಹ್ಯಾಟ್, ಹೆಗಲಿಗೆ ನಿಲುವಂಗಿ, ತೆಳು ಮೀಸೆ. ಕೈಯನ್ನೊಮ್ಮೆ ಆಡಿಸಿದರೆ ಸಾಕು, ಕಳ್ಳನ ಪಿಸ್ತೂಲು ಹಾವಾಗಿ ಕಾಣುತ್ತದೆ! 1964ರಿಂದ 1990ರವರೆಗೆ ಬಂದ ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆ ಮಾಂತ್ರಿಕ ಮ್ಯಾಂಡ್ರೇಕ್‌ನ ಪರಿಚಯ ಬೇಕಿಲ್ಲ. ಅವನ ಪ್ರೇಯಸಿ ನಾರ್ದಾಳ ಬಗ್ಗೆ ಮಾತ್ರ ಒಂದು ಪ್ರಶ್ನೆ ಉಳಿಯುತ್ತದೆ: ಇವರಿಬ್ಬರ ಪ್ರೀತಿಯನ್ನು ನಂಬುವುದು ಹೇಗೆ?

ಅಮೆರಿಕದ ಲೀ ಫಾಕ್ 1934ರಲ್ಲಿ ಈ ಮಾಲೆಯನ್ನು ಆರಂಭಿಸಿದರು. ರಾಜಕುಮಾರಿ ನಾರ್ದಾ ಮೊದಲ ಕಥೆಗಳಲ್ಲೇ ಬಂದಳು. ಮದುವೆಯಾದದ್ದು 1997ರಲ್ಲಿ! ಇದಕ್ಕೆ ಕಾರಣವೂ ಇದೆ. ಪತ್ರಿಕೆಯಲ್ಲಿ ದಿನಕ್ಕೆ ಮೂರು ನಾಲ್ಕು ಚೌಕಗಳಲ್ಲಿ ಸಾಗುವ ಕಥೆಗೆ ಕೊನೆಯೆಂಬುದಿಲ್ಲ. ನಾಯಕನಿಗೆ ವಯಸ್ಸಾಗಬಾರದು, ಸಾಹಸ ನಿಲ್ಲಬಾರದು. ಹಾಗಾಗಿ ಪ್ರೇಯಸಿ ಅಪಾಯಕ್ಕೆ ಸಿಕ್ಕಬೇಕು, ಪಾರಾಗಬೇಕು, ಮತ್ತೆ ಕಾಯಬೇಕು. ಫಾಕ್ ಅವರೇ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್‌ನ ಡಯಾನಾ ಕೂಡ 1977ರವರೆಗೆ ಕಾದವಳೇ. ಆದರೆ ಅವಳಿಗೆ ವಿಶ್ವಸಂಸ್ಥೆಯಲ್ಲಿ ತನ್ನದೇ ಕೆಲಸವಿತ್ತು. ಆದ್ದರಿಂದ ಓದುಗ ಅವಳನ್ನು ಸ್ವಲ್ಪ ಹೆಚ್ಚು ನಂಬಿದ.

ನಾರ್ದಾಳ ಕಾಯುವಿಕೆಯಲ್ಲಿ ಕಳೆದುಕೊಳ್ಳುವ ಭಯವಿಲ್ಲ. ಮ್ಯಾಂಡ್ರೇಕ್ ಬಂದೇ ಬರುತ್ತಾನೆಂದು ಅವಳಿಗೂ ಗೊತ್ತು, ಓದುಗನಿಗೂ ಗೊತ್ತು. ಕೆ.ಜಿ.ಎಫ್.ನ ಮನೆಗಳಲ್ಲಿ ಆ ಭರವಸೆ ಇರಲಿಲ್ಲ. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಮೇಲಿನ ಬಂಡೆಗಳ ಅಗಾಧ ಒತ್ತಡದಿಂದ ಒಳಗಿನ ಕಲ್ಲು ಒಮ್ಮೆಲೇ ಸಿಡಿಯುತ್ತಿತ್ತು. ಅದೇ ‘ರಾಕ್ ಬರ್ಸ್ಟ್’. ಪಾಳಿ ಮುಗಿಸಿದ ಗಂಡ ಮೇಲೆ ಬರುವವರೆಗೆ ಹೆಂಡತಿಗೆ ನೆಮ್ಮದಿಯಿಲ್ಲ. ಅದರ ನಡುವೆಯೇ ಅವಳು ಒಲೆ ಹಚ್ಚಬೇಕು, ನೀರು ಹಿಡಿಯಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕಾಯುವುದು ಮಾತ್ರ ನಿಲ್ಲಲಿಲ್ಲ. ಇಂದು ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಸಾವಿರಾರು ಜನ ದುಡಿಮೆಗಾಗಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ. ಅವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಅವರಿಗಾಗಿ ಮನೆಯಲ್ಲಿ ಕಾಯುವ ಗಂಡಸರೂ ಇದ್ದಾರೆ. ನಸುಕಿನಲ್ಲಿ ಕಟ್ಟಿಕೊಟ್ಟ ಬುತ್ತಿ, ರಾತ್ರಿ ಮುಚ್ಚಿಟ್ಟ ಅನ್ನ, ಇವು ಯಾವ ಕಾಮಿಕ್ಸಿನ ಚೌಕದಲ್ಲೂ ಕಾಣುವುದಿಲ್ಲ.

ಮಕ್ಕಳು ಮ್ಯಾಂಡ್ರೇಕ್‌ನನ್ನು ಓದಲಿ, ನಗಲಿ, ಕಸಿದುಕೊಳ್ಳುವ ಅಗತ್ಯವಿಲ್ಲ. ಆದರೆ ಪ್ರೀತಿಯೆಂದರೇನೆಂದು ಅವರು ಕೇಳಿದರೆ, ತಂದೆತಾಯಿ ಆ ಪುಸ್ತಕದ ಕಡೆಗೆ ಕೈ ತೋರಿಸಬೇಕಿಲ್ಲ. ಸಂಜೆಯ ರೈಲು ಬರುವ ಹೊತ್ತಿಗೆ ಮಕ್ಕಳನ್ನು ನಿಲ್ದಾಣಕ್ಕೆ ಕರೆದೊಯ್ದರೆ ಸಾಕು.